ಹಳೆ ಬೋಟಿನ ವೈರಿಂಗ್ ಮತ್ತು ಡಿಸಿ ಕ್ಲ್ಯಾಂಪ್ ಮೀಟರ್: ನಾಲ್ಕು ವರ್ಷ ಬಳಸಿದ ಮೇಲೆ

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ನಮ್ಮ ಅಣ್ಣತಮ್ಮಂದಿರದ್ದು ಒಂದು ಫೈಬರ್ ಬೋಟಿದೆ. ಇಪ್ಪತ್ತು ವರ್ಷ ಹಳೆಯದು, ಕಾರವಾರದ ಕಡೆಯಿಂದ ಕೊಂಡು ಲಾರಿಯಲ್ಲಿ ಹೇರಿಕೊಂಡು ಬಂದದ್ದು. ಸಮುದ್ರದ ಉಪ್ಪು ಕುಡಿದ ವೈರಿಂಗೂ ಅದರ ಜೊತೆಗೇ ಬಂತು. ದೀಪ ಮಿಣುಕುವುದು, ತಳದ ನೀರೆತ್ತುವ ಪಂಪು ಮುಲುಗುವುದು, ಒಂದು ವಾರ ಬಿಟ್ಟು ಹೋದರೆ ಬ್ಯಾಟರಿ ಡೌನ್ ಆಗುವುದು. ಇವುಗಳ ಬೆನ್ನು ಹತ್ತಲೆಂದೇ 2021ರಲ್ಲಿ ಈ ಡಿಸಿ ಕ್ಲ್ಯಾಂಪ್ ಮೀಟರ್ ತಗೊಂಡೆ. ಚಿಮಟದಂಥ ಅದರ ಬಾಯನ್ನು ವೈರಿನ ಸುತ್ತ ಹಾಕಿದರೆ ಸಾಕು, ಒಳಗೆ ಹರಿಯುವ ಬ್ಯಾಟರಿ ಕರೆಂಟನ್ನು (ಡಿಸಿ) ತೋರಿಸುತ್ತದೆ. ಜೊತೆಗಿರುವ ಎರಡು ವೈರುಗಳ ಮೊನೆ ಮುಟ್ಟಿಸಿ ವೋಲ್ಟೂ ನೋಡಬಹುದು.

ಅದಕ್ಕೂ ಮೊದಲು ಒಂದು ತಪ್ಪು ಮೀಟರ್ ಮನೆಗೆ ಬಂದಿತ್ತು. ಡಬ್ಬಿಯ ಮೇಲೆ ಡಿಸಿ ಎಂದಿದ್ದು ವೋಲ್ಟಿಗೆ ಮಾತ್ರ. ಅದರ ಚಿಮಟ ಅಳೆಯುತ್ತಿದ್ದುದು ಮನೆ ಕರೆಂಟಿನ ಎಸಿ ಆಂಪಿಯರ್. ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ಬಿಟ್ಟು ಬೇರೇನೂ ಬರಲಿಲ್ಲ. ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಬಹಳಷ್ಟು ಇಂಥವೇ.

ಪಂಪಿನ ಕತೆ ಸ್ವಲ್ಪ ಬಿಡಿಸಿ ಹೇಳಬೇಕು, ಎರಡು ಭಾನುವಾರ ಅದು ನನ್ನನ್ನು ದಾರಿ ತಪ್ಪಿಸಿತ್ತು. ಪಂಪು ಕಳಚಿ ಅದರ ಎರಡು ವೈರುಗಳಿಗೆ ಮೀಟರ್ ಮುಟ್ಟಿಸಿದರೆ 12.5 ವೋಲ್ಟ್, ಬ್ಯಾಟರಿಯಲ್ಲೂ 12.5. ಕಂಟಿನ್ಯೂಟಿ, ಅಂದರೆ ವೈರ್ ಎಲ್ಲೂ ಕಡಿದಿಲ್ಲವೇ ಎಂದು ನೋಡಿದರೆ ಬೀಪ್. ವೈರ್ ಸರಿ, ಪಂಪೇ ಹೋಗಿದೆ ಎಂದು ಹೊಸ ಪಂಪು ತಂದೆ. ಅದೂ ಮುಲುಗಿತು.

ಆಗ ಭಾಲ್ಕಿಯಿಂದ ಟ್ರ್ಯಾಕ್ಟರ್ ವೈರಿಂಗ್ ಮಾಡುವ ಮಿಸ್ತ್ರಿ ಕಾಕಾ ಅವರನ್ನು ಕರೆತಂದೆ. ಅವರ ಚೀಲದಲ್ಲಿ ಇದ್ದದ್ದು ಇಂಡಿಕೇಟರಿನ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್. "ತಮ್ಮಾ, ಖಾಲಿ ವೈರಿಗಿ ಮೀಟರ್ ಹಚ್ಚಿದ್ರ ಪೂರಾನೇ ತೋರಸ್ತದ. ಲೋಡ್ ಕೊಡು, ಆಮ್ಯಾಲ ನೋಡು" ಎಂದರು. ಬಲ್ಬು ಹಚ್ಚಿದರು. ಕೆಂಡದ ಹಾಗೆ ಕೆಂಪಗೆ ಉಳಿಯಿತೇ ಹೊರತು ಬೆಳಗಲಿಲ್ಲ. ಅದೇ ತುದಿಯಲ್ಲಿ ನನ್ನ ಮೀಟರ್ 12.5ರಿಂದ 6.8ಕ್ಕೆ ಇಳಿಯಿತು.

ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಬರದಷ್ಟು ಕಡಿಮೆ. ವೈರಿನೊಳಗಿನ ಹತ್ತಾರು ತಾಮ್ರದ ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಬಲ್ಬು ಉರಿಯುತ್ತಿರುವಾಗಲೇ ಒಂದು ಮೊನೆ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಕೆಂಪು ವೈರಿನ ತುದಿಗೆ ಇಟ್ಟೆವು: ಆ ದಾರಿಯಲ್ಲಿ ಕಳೆದುಹೋಗುತ್ತಿದ್ದುದು 0.3 ವೋಲ್ಟ್. ಮೈನಸ್ ಕಡೆ ಹಾಗೇ ಇಟ್ಟರೆ 5.4. ಕಳ್ಳ ಸಿಕ್ಕ. ಟ್ರ್ಯಾಕ್ಟರಿನಲ್ಲಿ ಬಾಡಿಯೇ ಅರ್ತ್, ಕರೆಂಟು ಅದರಲ್ಲೇ ವಾಪಸ್ ಬರುತ್ತದೆ. ಫೈಬರಿನಲ್ಲಿ ಕರೆಂಟು ಹರಿಯದು, ಹೋದಷ್ಟೇ ದೂರ ಕಪ್ಪು ವೈರಿನಲ್ಲೇ ವಾಪಸ್ ಬರಬೇಕು. ಆ ವೈರಿನ ಒಂದು ಜಾಯಿಂಟು ತಳದ ನೀರಿನ ಮಟ್ಟದಲ್ಲಿತ್ತು. ಟೇಪು ಬಿಚ್ಚಿದಾಗ ಹಸಿರು ಕಿಲುಬಿನ ಪುಡಿ ಉದುರಿತು. ಸಿಪ್ಪೆ ಸುಲಿಯುತ್ತಾ ಹೋದರೆ ಒಂದು ಗೇಣು ಒಳಗಿನವರೆಗೂ ತಾಮ್ರ ಕಪ್ಪಾಗಿತ್ತು. ಕಲಾಯಿ ಹಾಕಿದ ತಾಮ್ರದ ವೈರ್ ಎಳೆದು, ಜಾಯಿಂಟನ್ನು ಮೇಲಕ್ಕೆ ತಂದೆವು. ಈಗ ಪಂಪು ಓಡುವಾಗ ಕಳೆದುಹೋಗುವುದು ಒಟ್ಟು 0.3 ವೋಲ್ಟ್. ಬೋಟಿನ ಮುಖ್ಯ ಸರ್ಕಿಟ್‌ಗಳಲ್ಲಿ 3 ಶೇಕಡಾ, ಅಂದರೆ 12 ವೋಲ್ಟಿಗೆ 0.36ರ ಒಳಗಿರಬೇಕು ಎನ್ನುತ್ತಾರೆ. ಆ ಲೆಕ್ಕಕ್ಕೆ ಕೂಡುತ್ತದೆ.

ಬ್ಯಾಟರಿ ಡೌನ್ ಆಗುವುದನ್ನು ಹಿಡಿದದ್ದು ಮಾತ್ರ ಚಿಮಟವೇ. ಎಲ್ಲ ಸ್ವಿಚ್ ಆಫ್ ಮಾಡಿ ಬ್ಯಾಟರಿಯ ಮೈನಸ್ ಕೇಬಲಿಗೆ ಹಾಕಿದೆ, 0.4 ಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ 9.6 ಆಂಪಿಯರ್-ಅವರ್, ಏಳು ದಿನಕ್ಕೆ 67. ನಮ್ಮದು 75 ಆಂಪಿಯರ್-ಅವರ್ ಬ್ಯಾಟರಿ! ಒಂದೊಂದೇ ಫ್ಯೂಸ್ ಕೀಳುತ್ತಾ ಬಂದೆ. ಹಳೇ ಮಾಲೀಕರು ಹಾಕಿಸಿದ್ದ ಟೇಪ್‌ರೆಕಾರ್ಡರಿನ ಆಂಪ್ಲಿಫೈಯರ್ ಫ್ಯೂಸ್ ತೆಗೆದಾಗ ಅಂಕಿ ಸೊನ್ನೆಗೆ ಬಂತು. ವೈರ್ ಕತ್ತರಿಸದೆ, ಕಿಡಿ ಹಾರಿಸದೆ ಇಷ್ಟು ಸಿಕ್ಕಿತು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಕೂತು ಕೆಲಸ ಮಾಡುವವನಿಗೆ ಇದು ದೊಡ್ಡ ಮಾತು. ಆದರೂ ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟೇ ನಾನು ಒಳಗೆ ಕೈಹಾಕುವುದು.

ಕೊರತೆಗಳೂ ಇವೆ. ಪ್ರತಿ ಸಲ ಅಳೆಯುವ ಮೊದಲು ಝೀರೋ ಬಟನ್ ಒತ್ತಲೇಬೇಕು. ಒತ್ತಿದ ಮೇಲೆ ಚಿಮಟವನ್ನು ಬೇರೆ ದಿಕ್ಕಿಗೆ ತಿರುಗಿಸಿದರೂ ಭೂಮಿಯ ಕಾಂತಕ್ಕೆ ಅಂಕಿ ಒಂಚೂರು ಸರಿಯುತ್ತದೆ. ಸಣ್ಣ ಕರೆಂಟು ಹುಡುಕುವಾಗ ಇದು ಮೋಸ ಮಾಡುತ್ತದೆ. ಮೇ ತಿಂಗಳ ಬಿಸಿಲಲ್ಲಿ ಸೀಟಿನ ಮೇಲೆ ಬಿಟ್ಟಿದ್ದಾಗ ಪರದೆ ಪೂರಾ ಕಪ್ಪಾಯಿತು, ನೆರಳಿಗಿಟ್ಟ ಮೇಲೆ ಸರಿಹೋಯಿತು. ಎರಡನೇ ವರ್ಷಕ್ಕೆ ಕೆಂಪು ವೈರ್ ಮೊನೆಯ ಕುತ್ತಿಗೆಯಲ್ಲಿ ಒಳಗೇ ಮುರಿದು, ಇಲ್ಲದ ದೋಷ ತೋರಿಸಿತು. ಅಂದಿನಿಂದ ಎರಡೂ ಮೊನೆ ಒಂದಕ್ಕೊಂದು ತಾಗಿಸಿ ಬೀಪ್ ಕೇಳಿಯೇ ಕೆಲಸ ಶುರು.

ಕೊಳ್ಳುವವರು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹೊರಗೆ ನಿಂತ ಕಾರಿನ ಹೆಡ್‌ಲೈಟ್ ಹಾಕಿಸಿ, ಎಂಜಿನ್ ಆಫ್ ಇರಲಿ, ಬ್ಯಾಟರಿಯಿಂದ ಹೊರಡುವ ಒಂದೇ ಕಡೆಯ ಕೇಬಲುಗಳನ್ನೆಲ್ಲ ಚಿಮಟದೊಳಗೆ ಸೇರಿಸಿ. ಅಂಕಿ ಸೊನ್ನೆಯಲ್ಲೇ ನಿಂತರೆ ಅದು ಬೋಟಿಗೆ ಬೇಕಾದ ಮೀಟರ್ ಅಲ್ಲ, ವಾಪಸ್ ಕೊಟ್ಟುಬಿಡಿ.