ಸುವಾರೆಸ್ ಆಟ ನೋಡಿ ಕಲಿಯಬೇಕಾ, ಕವಾನಿಯದಾ?

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವವ) ಆಗಬೇಕು, ಯಾರ ಆಟ ನೋಡಲಿ ಅಂತ ಕೇಳಿದ್ದೀರಿ. ಲೂಯಿಸ್ ಸುವಾರೆಸ್, ಎಡಿನ್ಸನ್ ಕವಾನಿ ಇಬ್ಬರೂ ಉರುಗ್ವೆಯ ಸಾಲ್ಟೊದವರು, 1987ರಲ್ಲಿ ಮೂರು ವಾರದ ಅಂತರದಲ್ಲಿ ಹುಟ್ಟಿದವರು.

ಗೋಲು ಲೆಕ್ಕದಲ್ಲಿ ಸುವಾರೆಸ್ ಮುಂದೆ. ದೇಶಕ್ಕೆ 69, ಕವಾನಿಯದು 58. 2013-14ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ಗೆ ಒಂದೂ ಪೆನಾಲ್ಟಿ ಇಲ್ಲದೆ 31 ಲೀಗ್ ಗೋಲು ಹೊಡೆದರು, ಸುಮ್ನೆ ಮಾತಲ್ಲ ಅದು. ಕಾಲಲ್ಲಿ ಚೆಂಡಿದ್ದಾಗ ಡಿಫೆಂಡರ್‌ಗಳ ಸಂದಿಯಲ್ಲಿ ನುಸುಳುವುದು ನಿಮಗೆ ಇಷ್ಟವಾದರೆ ಇವರನ್ನೇ ನೋಡಿ. ಆದರೆ 2014ರ ವಿಶ್ವಕಪ್‌ನಲ್ಲಿ ಇಟಲಿಯ ಡಿಫೆಂಡರ್ ಕಿಯೆಲ್ಲಿನಿಯನ್ನು ಕಚ್ಚಿ ನಾಲ್ಕು ತಿಂಗಳ ನಿಷೇಧ ತಂದುಕೊಂಡರು. ನನಗೆ ಇವತ್ತಿಗೂ ಅದು ಬೇಜಾರು.

ಚೆಂಡಿಲ್ಲದಾಗ ಏನು ಮಾಡಬೇಕು ಅನ್ನುವುದಕ್ಕೆ ಕವಾನಿ. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ಗೆ 200 ಗೋಲು ಹೊಡೆದವರು, ಆದರೂ ಹಿಂದಕ್ಕೆ ಓಡಿ ಡಿಫೆನ್ಸ್‌ಗೆ ಕೈಜೋಡಿಸುತ್ತಿದ್ದರು. ಎತ್ತರ ಇದ್ದು, ಹೆಡರ್ (ತಲೆಯಿಂದ ಚೆಂಡು ಹೊಡೆಯುವುದು) ಚೆನ್ನಾಗಿದ್ದು, ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ಒಯ್ಯುವುದು) ಅಷ್ಟಕ್ಕಷ್ಟೇ ಅನ್ನುವವರಿಗೆ ಇವರಿಂದಲೇ ಜಾಸ್ತಿ ಸಿಗುತ್ತದೆ.

ಇನ್ನೂ ತೀರ್ಮಾನ ಆಗಲಿಲ್ವಾ? 2018ರ ವಿಶ್ವಕಪ್‌ನಲ್ಲಿ ಪೋರ್ಚುಗಲ್ ಮೇಲಿನ ಮೊದಲ ಗೋಲು ನೋಡಿ. ಬಲಗಡೆಯಿಂದ ಕವಾನಿ ಉದ್ದಕ್ಕೆ ಎಡಗಡೆಯ ಸುವಾರೆಸ್‌ಗೆ ಚೆಂಡು ಕೊಟ್ಟು, ಗೋಲಿನತ್ತ ಓಡಿ, ಸುವಾರೆಸ್ ಗೋಲಿನ ಮುಂದಕ್ಕೆ ಕಳಿಸಿದ ಕ್ರಾಸ್‌ಗೆ ತಾವೇ ತಲೆ ಕೊಟ್ಟರು. ಇಬ್ಬರ ಆಟವೂ ಅದೊಂದರಲ್ಲೇ ಇದೆ.