ಮ್ಯಾಕ್ರೋಡಕ್ಟ್ ಬೆವರು ಸಂಗ್ರಾಹಕ: ಕ್ಲೋರೈಡಿಗೆ ಸಮರ್ಥ, ಪ್ರೋಟೀನಿಗೆ ಇಕ್ಕಟ್ಟು

ಸಿಸ್ಟಿಕ್ ಫೈಬ್ರೋಸಿಸ್ (ಬೆವರಿನಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಹೆಚ್ಚಾಗುವ ಆನುವಂಶಿಕ ಕಾಯಿಲೆ) ಶಂಕೆಯಿರುವ ಮಕ್ಕಳ ಬೆವರು ಪರೀಕ್ಷೆಗೆ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಮ್ಯಾಕ್ರೋಡಕ್ಟ್ ಉಪಕರಣವು, ಬೆವರು ಬರಿಸಲು 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ವಿಧಾನವನ್ನೇ ಅನುಸರಿಸುತ್ತದೆ. ಪೈಲೋಕಾರ್ಪಿನ್ ಇರುವ ಜೆಲ್ ಬಿಲ್ಲೆಯನ್ನು ಮಗುವಿನ ಮುಂಗೈಗೆ ಕಟ್ಟಿ ಸುಮಾರು 5 ನಿಮಿಷ ಮಂದ ವಿದ್ಯುತ್ ಹರಿಸಿದರೆ, ಔಷಧ ಚರ್ಮದೊಳಕ್ಕೆ ಇಳಿದು ಆ ಜಾಗ ಬೆವರತೊಡಗುತ್ತದೆ.

ಇದರ ನಿಜವಾದ ಹೆಚ್ಚುಗಾರಿಕೆ ಕಾಣುವುದು ಬೆವರನ್ನು ಹಿಡಿಯುವ ಹಂತದಲ್ಲಿ. ಕೈಗಡಿಯಾರದಷ್ಟಿರುವ ಸಂಗ್ರಾಹಕವನ್ನು ಅದೇ ಜಾಗಕ್ಕೆ ಬಿಗಿದಾಗ, ಅದರ ಬಾಯಲ್ಲಿ ಸವರಿರುವ ನೀಲಿ ಬಣ್ಣ ಬೆವರಿನಲ್ಲಿ ಕರಗಿ, ಸುರುಳಿ ಸುತ್ತಿದ ಸಪೂರ ನಳಿಕೆಯೊಳಗೆ ನಿಧಾನವಾಗಿ ಮುಂದೆ ಸರಿಯುವುದು ಬರಿಗಣ್ಣಿಗೇ ಕಾಣುತ್ತದೆ. ಎಷ್ಟು ಬೆವರು ಬಂತೆಂದು ತಿಳಿಯಲು ಬಿಚ್ಚಿ ನೋಡಬೇಕಿಲ್ಲ. ಹಳೆಯ ಕ್ರಮದಲ್ಲಿ ಬೆವರು ಹೀರಿದ ತೆಳು ಹತ್ತಿ ಬಟ್ಟೆಯನ್ನು (gauze) ತೂಗುವಾಗ ಬೆವರು ಆವಿಯಾಗಿ ಕ್ಲೋರೈಡ್ ಪ್ರಮಾಣ ಸುಳ್ಳಾಗಿ ಏರುವ ಅಪಾಯವಿತ್ತು, ಮುಚ್ಚಿದ ನಳಿಕೆಯಲ್ಲಿ ಅದು ಬಹಳ ಕಡಿಮೆ. ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚು ಕ್ಲೋರೈಡ್ ಕಂಡರೆ ಕಾಯಿಲೆಯನ್ನು ಬಲವಾಗಿ ಸೂಚಿಸುವ ಈ ಪರೀಕ್ಷೆಯಲ್ಲಿ, ಅಂಥ ಎಚ್ಚರ ಒಂದು ಮಗುವಿನ ಬದುಕಿನ ಪ್ರಶ್ನೆ.

ಆದರೆ ಅದೇ ಬೆವರಿನಲ್ಲಿ ಪ್ರೋಟೀನುಗಳನ್ನೂ ಅಧ್ಯಯನ ಮಾಡಬಯಸುವವರು ಕೊಳ್ಳುವ ಮುನ್ನ ಯೋಚಿಸಬೇಕು. 30 ನಿಮಿಷಗಳಲ್ಲಿ ಕನಿಷ್ಠ 15 ಮೈಕ್ರೋಲೀಟರ್ ಬಂದರೆ ಕ್ಲೋರೈಡಿಗೆ ಸಾಕು. ಎಳೆಯ ಶಿಶುಗಳಲ್ಲಿ ಅಷ್ಟೂ ಬಾರದಿರುವುದುಂಟು, ಎರಡು ಕೈಗಳ ಬೆವರನ್ನು ಬೆರೆಸಿ ಆ ಪ್ರಮಾಣ ಮುಟ್ಟಿಸುವಂತೆಯೂ ಇಲ್ಲ. ಬೆವರಿನಲ್ಲಿ ಪ್ರೋಟೀನ್ ಮೊದಲೇ ವಿರಳ. ಬೆವರು ಗ್ರಂಥಿಗಳೇ ಸ್ರವಿಸುವ, ಸೂಕ್ಷ್ಮಾಣುಗಳನ್ನು ಎದುರಿಸುವ ಡರ್ಮ್‌ಸಿಡಿನ್‌ನಂಥವು ಬೆವರಿನಲ್ಲಿರುವ ಕಿಣ್ವಗಳಿಂದಲೇ ತುಂಡಾಗುತ್ತವೆ, ಚರ್ಮದಿಂದ ಉದುರುವ ಕೆರಾಟಿನ್ ಎಂಬ ಪ್ರೋಟೀನ್ ಕೂಡ ಜೊತೆ ಸೇರಿಕೊಳ್ಳುತ್ತದೆ. ಆದ್ದರಿಂದ ಚರ್ಮವನ್ನು ಅಯಾನುರಹಿತ ನೀರಿನಿಂದ ಚೆನ್ನಾಗಿ ಒರೆಸುವುದು, ಉಳಿದ ಮಾದರಿಯನ್ನು ತಡಮಾಡದೆ ಘನೀಕರಿಸುವುದು, ನೀಲಿ ಬಣ್ಣ ತಮ್ಮ ವಿಶ್ಲೇಷಣೆಗೆ ಅಡ್ಡಿಯಾಗುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳುವುದು ಅಗತ್ಯ.

ನನ್ನ ಮಟ್ಟಿಗೆ ಆದ್ಯತೆ ಸ್ಪಷ್ಟವಾಗಿದೆ. ರೋಗನಿರ್ಣಯ ಕ್ಲೋರೈಡಿನದ್ದೇ ಹೊರತು ಪ್ರೋಟೀನಿನದ್ದಲ್ಲ. ಸಂಶೋಧನೆಗೆಂದು ಮಗುವಿನ ಒಂದು ಹನಿಯನ್ನೂ ಅದರಿಂದ ಕಡಿತಗೊಳಿಸಬಾರದು. ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಈ ಉಪಕರಣವನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಬೆವರಿನ ವಿದ್ಯುತ್ ವಾಹಕತೆಯನ್ನು ಅಳೆಯುವ ಯಂತ್ರವನ್ನೂ ಕೊಳ್ಳುವವರು ಅದನ್ನು ಪ್ರಾಥಮಿಕ ತಪಾಸಣೆಗಷ್ಟೇ ಇಟ್ಟುಕೊಂಡು, ಕ್ಲೋರೈಡನ್ನೇ ನೇರವಾಗಿ ಅಳೆಯುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು.