ಹಾರ್ಡ್‌ಟೇಲಾ, ಫುಲ್ ಸಸ್ಪೆನ್ಷನ್ನಾ: ತುರಹಳ್ಳಿ ಬಂಡೆ ಮತ್ತು ಮಲೆನಾಡಿನ ಕೆಸರಲ್ಲಿ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮೌಂಟನ್ ಬೈಕುಗಳಲ್ಲಿ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು) ಮನೆಯಲ್ಲಿ ಉಳಿಯುತ್ತೆ, ಫುಲ್ ಸಸ್ಪೆನ್ಷನ್, ಅಂದರೆ ಹಿಂದೆಯೂ ಸಸ್ಪೆನ್ಷನ್ ಇರುವ ಫುಲ್ ಸಸ್, ಮಾರಾಟಕ್ಕಿದೆ. ಫುಲ್ ಸಸ್ ಕೆಟ್ಟ ಸೈಕಲ್ ಅಂತಲ್ಲ. ಬಂಡೆ ಇಳಿಯುವಾಗ ಅದರೆದುರು ಹಾರ್ಡ್‌ಟೇಲ್ ನಿಲ್ಲೋದಿಲ್ಲ. ಆದರೆ ವಾರಕ್ಕೊಮ್ಮೆ ತುಳಿದು, ಮಳೆಗಾಲದಲ್ಲಿ ಸಕಲೇಶಪುರ, ಚಿಕ್ಕಮಗಳೂರು ಕಡೆಯ ತೋಟದ ದಾರಿ ಹಿಡಿದು, ರಿಪೇರಿಯನ್ನು ಮನೆ ವರಾಂಡದಲ್ಲೇ ಮಾಡಿಕೊಳ್ಳುವವರಿಗೆ ಅದು ಕೊಡುವ ಸುಖಕ್ಕಿಂತ ಮಾಡಿಸಿಕೊಳ್ಳುವ ಸೇವೆ ಜಾಸ್ತಿ.

ಇಲ್ಲಿರುವುದು ಮೂರು ಸೈಕಲ್. ಒಂದು, ಅಲ್ಯೂಮಿನಿಯಂ ಹಾರ್ಡ್‌ಟೇಲ್: 29 ಇಂಚಿನ ಚಕ್ರ, 120 ಎಂಎಂ ಕುಗ್ಗುವ ಏರ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ, ಗಾಳಿ ತುಂಬಿದ ಸಸ್ಪೆನ್ಷನ್), ಮುಂದೆ ಪೆಡಲ್ ಹತ್ತಿರ 32 ಹಲ್ಲಿನ ಒಂದೇ ರಿಂಗ್, ಹಿಂದೆ 11ರಿಂದ 51 ಹಲ್ಲಿನವರೆಗೆ 11 ಗೇರು. ಎರಡು, ಅದೇ ಗೇರು, ಅದೇ ಅಳತೆಯ ಚಕ್ರದ ಫುಲ್ ಸಸ್, ಮುಂದೆ ಹಿಂದೆ ಎರಡೂ ಕಡೆ 130 ಎಂಎಂ. ಮೂರನೆಯದು ನಮ್ಮಲ್ಲಿ ಬಹಳ ಜನ ಶುರು ಮಾಡುವ ಸೈಕಲ್: 27.5 ಚಕ್ರ, ಸ್ಪ್ರಿಂಗ್ ಫೋರ್ಕ್, ಮುಂದೆ ಮೂರು ರಿಂಗ್, ಹಿಂದೆ ಎಂಟು ಗೇರು, ಕೇಬಲ್ ಡಿಸ್ಕ್ ಬ್ರೇಕು. ತೂಕ, ಬಣ್ಣ, ಫ್ರೇಮಿನ ಕೋನ ಎಲ್ಲ ಕಂಪನಿ ಪುಟದಲ್ಲೇ ಸಿಗುತ್ತೆ, ಬಿಡಿ.

ಇಳಿಜಾರಿನ ಮಾತು. ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡಿನಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ. ಬಂಡೆಯ ಮೆಟ್ಟಿಲು, ಮೇಲೆ ಹರಡಿದ ಮರಳಿನಂಥ ಸಡಿಲ ಹರಳು. ಇಲ್ಲಿ ಫುಲ್ ಸಸ್‌ನ ಹಿಂದಿನ ಚಕ್ರ ನೆಲ ಬಿಡೋದಿಲ್ಲ, ಬ್ರೇಕ್ ಹಿಡಿದರೂ ಹಿಡಿತ ತಪ್ಪೋದಿಲ್ಲ. ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಚಕ್ರ ಒದೆಯುತ್ತೆ, ಯಾವ ಕಲ್ಲಿನ ಮೇಲೆ ಹೋಗಬೇಕು ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು, ಹಿಮ್ಮಡಿ ಕೆಳಗೆ ಬಿಟ್ಟು ಮೊಣಕಾಲು ಸಡಿಲ ಇಟ್ಟುಕೊಳ್ಳಬೇಕು. ವೇಗದ ವ್ಯತ್ಯಾಸ ಜನ ಹೇಳುವಷ್ಟಿಲ್ಲ. ಸುಸ್ತಿನ ವ್ಯತ್ಯಾಸ ಮಾತ್ರ ದೊಡ್ಡದು: ಎರಡು ಗಂಟೆ ಆದಮೇಲೆ ಸೊಂಟಕ್ಕೆ ಗೊತ್ತಾಗುತ್ತೆ.

ಏರಿನಲ್ಲಿ ಲೆಕ್ಕ ತಿರುಗುತ್ತೆ. ನಂದಿ ಬೆಟ್ಟದ ಡಾಂಬರಿನಲ್ಲಿ ಹಾರ್ಡ್‌ಟೇಲ್ ಫೋರ್ಕ್ ಲಾಕ್ ಮಾಡಿದರೆ ಮುಗಿಯಿತು. ಫುಲ್ ಸಸ್‌ನಲ್ಲಿ ಹಿಂದಿನ ಶಾಕನ್ನು (ಹಿಂಭಾಗದ ಸಸ್ಪೆನ್ಷನ್ ಕೊಳವೆ) ಗಟ್ಟಿ ಮಾಡುವ ಲಿವರ್ ಹಾಕಿದರೂ ಪ್ರತಿ ತುಳಿತಕ್ಕೂ ಚೂರು ಕುಗ್ಗುತ್ತೆ. ಕಾಡಿನ ಬೇರು, ಸಡಿಲ ಕಲ್ಲಿನ ಕಡಿದಾದ ಏರಿನಲ್ಲಾದರೆ ಅದೇ ಕುಗ್ಗುವಿಕೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿದು ಉಪಕಾರ ಮಾಡುತ್ತೆ. ಒಂದು ಕಿರಿಕಿರಿ ಇದೆ: ಸವಾರ ಕೂತಾಗ ಹಿಂದಿನ ಶಾಕು ಶೇಕಡ 28ರಿಂದ 30ರಷ್ಟು ಇಳಿದಿರಬೇಕು (50 ಎಂಎಂ ಸ್ಟ್ರೋಕಿನ ಶಾಕಿನಲ್ಲಿ ರಬ್ಬರ್ ಉಂಗುರ 14-15 ಎಂಎಂ ಸರಿದಿರಬೇಕು), ಹಾಗೆ ಇಳಿದಾಗ ಪೆಡಲ್ ನೆಲಕ್ಕೆ ಹತ್ತಿರವಾಗಿ ಕಲ್ಲಿಗೆ ಬಡಿಯುತ್ತೆ. 175ರ ಬದಲು 170 ಎಂಎಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿದರೆ ಸ್ವಲ್ಪ ವಾಸಿ.

ಮೂರು ರಿಂಗಿನ ಹಳೇ ಸೈಕಲ್ಲೇ ಏರು ಸಲೀಸಾಗಿ ಹತ್ತುತ್ತೆ ಅನ್ನುವವರಿಗೆ ಲೆಕ್ಕ ಇಲ್ಲಿದೆ. 27.5 ಚಕ್ರದಲ್ಲಿ 22-34 ಗೇರು (ಮುಂದೆ 22, ಹಿಂದೆ 34 ಹಲ್ಲು) ಹಾಕಿ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.4 ಮೀಟರ್ ಮುಂದೆ ಹೋಗುತ್ತೆ. 29ರಲ್ಲಿ 32-51 ಹಾಕಿದರೆ 1.44. ಮುಂದಿನ ರಿಂಗ್ 30 ಹಲ್ಲಿಗೆ ಇಳಿಸಿದರೆ 1.35. ಅಂದರೆ ಒಂದೇ ರಿಂಗ್ ಬದಲಾಯಿಸಿದರೆ ಮೂರು ರಿಂಗಿನ ಸೈಕಲ್ಲಿಗಿಂತಲೂ ಹಗುರ ಗೇರು. ಮುಂದಿನ ಡಿರೇಲರ್ (ಚೈನನ್ನು ರಿಂಗಿನಿಂದ ರಿಂಗಿಗೆ ದಾಟಿಸುವ ಭಾಗ), ಅದರ ಕೇಬಲ್, ಅದಕ್ಕೆ ಮೆತ್ತುವ ಕೆಸರು, ಮೂರೂ ಇಲ್ಲ.

ಇನ್ನು ಫುಲ್ ಸಸ್ ಮಾರುವುದಕ್ಕೆ ನಿಜವಾದ ಕಾರಣ: ಕಿರ್ ಕಿರ್ ಸದ್ದು.

ಮಲೆನಾಡಿನಲ್ಲಿ ಒಂದು ಮಳೆಗಾಲ ತುಳಿದ ಫುಲ್ ಸಸ್ ಸದ್ದು ಮಾಡದೇ ಇದ್ದರೆ ಆಶ್ಚರ್ಯ. ಹಿಂಭಾಗದ ಫ್ರೇಮ್ ಹಲವು ಕೀಲುಗಳ ಮೇಲೆ ನಿಂತಿದೆ, ಪ್ರತಿ ಕೀಲಿನಲ್ಲೂ ಬೇರಿಂಗು. ಚಕ್ರದ ಬೇರಿಂಗು ಪೂರ್ತಿ ಸುತ್ತು ತಿರುಗುತ್ತೆ, ಹಾಗಾಗಿ ಗ್ರೀಸು ಎಲ್ಲ ಕಡೆ ಹರಡಿಕೊಳ್ಳುತ್ತೆ. ಕೀಲಿನ ಬೇರಿಂಗು ಬಾಗಿಲ ಹಿಂಜಿನ ಹಾಗೆ ಕೆಲವೇ ಡಿಗ್ರಿ ಆಡುತ್ತೆ. ಗುಂಡುಗಳು ಒಂದೇ ಜಾಗವನ್ನು ಒತ್ತುತ್ತವೆ, ಅಲ್ಲಿನ ಗ್ರೀಸು ಪಕ್ಕಕ್ಕೆ ಹೋಗಿ ವಾಪಸ್ ಬರೋದಿಲ್ಲ, ನೀರು ಸೇರಿದರೆ ತುಕ್ಕು ಅದೇ ಜಾಗದಲ್ಲಿ ಹಿಡಿಯುತ್ತೆ. ಸಾಮಾನ್ಯವಾಗಿ ಮೊದಲು ಹೋಗುವುದು ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಜಾಗ) ಪಕ್ಕದ ಮುಖ್ಯ ಕೀಲು. ಹಿಂದಿನ ಚಕ್ರ ಎರಚುವ ಕೆಂಪು ಕೆಸರೆಲ್ಲ ಕೂರುವುದು ಅಲ್ಲೇ. ಅದರ ಮೇಲೆ ಸ್ಕೂಟರ್ ತೊಳೆಯುವಲ್ಲಿ ವಾಟರ್ ಸರ್ವಿಸ್ ಮಾಡಿಸಿಬಿಟ್ಟರಂತೂ ಕಥೆ ಮುಗಿದ ಹಾಗೆ: ಆ ಪ್ರೆಷರ್ ಗನ್ ರಬ್ಬರ್ ಸೀಲ್ ದಾಟಿಸಿ ನೀರನ್ನು ಒಳಗೆ ನುಗ್ಗಿಸುತ್ತೆ. ಬಕೆಟ್ಟು, ಮಗ್ಗು, ಮೆತ್ತನೆ ಬ್ರಷ್ಷು ಸಾಕು.

ಸದ್ದು ಬಂದ ಕೂಡಲೇ ಕೀಲು ಬಿಚ್ಚಬೇಡಿ. ಸೀಟಿನಿಂದೆದ್ದು ತುಳಿದಾಗ ಸದ್ದು ನಿಂತರೆ ಅದು ಸೀಟ್ ಪೋಸ್ಟಿನದು ಅಥವಾ ಸೀಟಿನ ಕಂಬಿಯದು. ಪೋಸ್ಟ್ ತೆಗೆದು ಒರೆಸಿ, ಅಲ್ಯೂಮಿನಿಯಂ ಆದರೆ ತೆಳ್ಳಗೆ ಗ್ರೀಸ್ ಸವರಿ ಹಾಕಿ. ಆಮೇಲೆ ಪೆಡಲ್ ಥ್ರೆಡ್, ಚೈನ್‌ರಿಂಗ್ ಬೋಲ್ಟ್, ಹಿಂದಿನ ಆಕ್ಸಲ್, ಡಿರೇಲರ್ ಹ್ಯಾಂಗರ್: ಒಂದೊಂದನ್ನೇ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ, ಮತ್ತೆ ತುಳಿದು ನೋಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಗೊತ್ತಾಗೋದಿಲ್ಲ. ಇವೆಲ್ಲ ಹಾರ್ಡ್‌ಟೇಲಿಗೂ ಬರುವ ಸದ್ದುಗಳೇ. ಹಾರ್ಡ್‌ಟೇಲಿನಲ್ಲಿ ಹುಡುಕಾಟ ಹೆಚ್ಚು ಕಡಿಮೆ ಇಲ್ಲಿಗೇ ಮುಗಿಯುತ್ತೆ, ಫುಲ್ ಸಸ್‌ನಲ್ಲಿ ಇಲ್ಲಿಂದ ಶುರು.

ಶಾಕಿನ ಗಾಳಿ ಪೂರ್ತಿ ಬಿಟ್ಟು, ಅದರ ಎರಡು ಬೋಲ್ಟ್ ಬಿಚ್ಚಿ ಶಾಕನ್ನು ಹೊರಗೆ ತೆಗೆಯಿರಿ. ಚಕ್ರ ಬಿಚ್ಚಿ ಹಿಂಭಾಗವನ್ನು ಕೈಯಲ್ಲೆತ್ತಿ ಬಿಡಿ. ಸಲೀಸಾಗಿ ತಾನೇ ಕೆಳಗಿಳಿದರೆ ಬೇರಿಂಗು ಚೆನ್ನಾಗಿವೆ. ಬಿಟ್ಟಲ್ಲೇ ನಿಂತರೆ, ಇಲ್ಲವೇ ಮರಳು ಸಿಕ್ಕಿಕೊಂಡ ಹಾಗೆ ಗರಗರ ಅಂದರೆ ಹೋಗಿವೆ. ಅಡ್ಡಕ್ಕೆ ಅಲ್ಲಾಡಿಸಿ ಸಡಿಲ ಇದೆಯಾ ನೋಡಿ. ಬೋಲ್ಟ್ ಇನ್ನೂ ಬಿಗಿ ಮಾಡುವುದು ಪರಿಹಾರವಲ್ಲ, ಹಾಗೆ ಮಾಡಿ ಥ್ರೆಡ್ ಹಾಳು ಮಾಡಿಕೊಂಡ ಫ್ರೇಮುಗಳು ಎಷ್ಟೋ ಇವೆ.

ಬೇರಿಂಗಿನ ನಂಬರ್ ಅದರ ಸೀಲ್ ಮೇಲೇ ಇರುತ್ತೆ. 6902 ಅಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಎಂಎಂ. 6802 ಆದರೆ 15, 24, 5. 6900 ಆದರೆ 10, 22, 6. ಎರಡೂ ಕಡೆ ರಬ್ಬರ್ ಸೀಲಿರುವ 2ಆರ್‌ಎಸ್ ಕೇಳಿ. ಇವು ಸಾಮಾನ್ಯ ಅಳತೆಗಳು, ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ. ಆದರೆ ಫ್ರೇಮಿನ ಜೊತೆ ಬರುವುದು ಎಷ್ಟೋ ಸಲ ಒಳಗೆ ಕೇಜ್ ಇಲ್ಲದೆ ಗುಂಡುಗಳನ್ನು ಒತ್ತಾಗಿ ತುಂಬಿದ ಬೇರಿಂಗು. ಭಾರ ಜಾಸ್ತಿ ತಡೆಯುತ್ತೆ. ಅಂಗಡಿಯ ಸಾದಾ ಬೇರಿಂಗು ಕೆಲಸ ಮಾಡುತ್ತೆ, ಅಷ್ಟು ಬಾಳೋದಿಲ್ಲ. ಒಳಗಿನ ಉಂಗುರ ಹೊರಚಾಚಿದ ಮಾದರಿ ಇದ್ದರೆ ಕಂಪನಿಯಿಂದಲೇ ತರಿಸಬೇಕು, ಅಲ್ಲಿಯವರೆಗೆ ಸೈಕಲ್ ಗೋಡೆಗೆ ಒರಗಿರುತ್ತೆ.

ತೆಗೆಯಲು ಸುತ್ತಿಗೆ ಬೇಡ, ಬೇರಿಂಗ್ ಕೂರುವ ಜಾಗ ಅಂಡಾಕಾರವಾದರೆ ಫ್ರೇಮೇ ಹೋದಂತೆ. 8 ಎಂಎಂ ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರು, ಎರಡು ಸಾಕೆಟ್ ಸಾಕು. ಒಂದು ಕಡೆ ಬೇರಿಂಗಿಗಿಂತ ಕೊಂಚ ಚಿಕ್ಕ ಸಾಕೆಟ್ ಅದನ್ನು ತಳ್ಳಲು, ಇನ್ನೊಂದು ಕಡೆ ಬೇರಿಂಗು ಒಳಗೆ ಬಂದು ಬೀಳುವಷ್ಟು ದೊಡ್ಡದು. ಹೊಸದನ್ನು ಒತ್ತುವಾಗ ಹೊರಗಿನ ಉಂಗುರದ ಮೇಲೆ ಮಾತ್ರ ಒತ್ತಡ ಬೀಳಬೇಕು, ಒಳಗಿನದನ್ನು ಒತ್ತಿದರೆ ಹೊಸ ಬೇರಿಂಗು ಅಂದೇ ಕೆಡುತ್ತೆ. ಬೋಲ್ಟಿನ ಥ್ರೆಡ್ಡಿಗೆ ನೀಲಿ ಲಾಕ್‌ಟೈಟ್, ಬಿಗಿ ಎಷ್ಟು ಅಂತ ಕಂಪನಿಯ ಕೈಪಿಡಿ ನೋಡಿ, ಟಾರ್ಕ್ ರೆಂಚ್ ಬಳಸಿ. ಹಿಂದೆ ಗೋಡೆ ಇರುವ ಕುಳಿಯಲ್ಲಿ ಬೇರಿಂಗು ಕೂತಿದ್ದರೆ ಈ ರಾಡು ನಡೆಯೋದಿಲ್ಲ, ಒಳಗಿನಿಂದ ಹಿಡಿದೆಳೆಯುವ ಪುಲ್ಲರ್ ಬೇಕು. ಕೆಲಸ ಕಷ್ಟವೇನಲ್ಲ, ಆದರೆ ಭಾನುವಾರ ಪೂರ್ತಿ ತಿನ್ನುತ್ತೆ, ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಬರುತ್ತೆ.

ಇದರ ಮೇಲೆ ಶಾಕಿನ ಸೇವೆ. ಶಾಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಹೇಳುವ ಪ್ರಕಾರ ಏರ್ ಕ್ಯಾನ್ (ಗಾಳಿ ತುಂಬುವ ಭಾಗ) 50 ಗಂಟೆ ತುಳಿತಕ್ಕೊಮ್ಮೆ, ಡ್ಯಾಂಪರ್ (ಎಣ್ಣೆಯಿಂದ ಕುಗ್ಗು-ಎಗರು ಹತೋಟಿ ಮಾಡುವ ಭಾಗ) 200 ಗಂಟೆಗೊಮ್ಮೆ. ಏರ್ ಕ್ಯಾನ್ ಮನೆಯಲ್ಲಿ ಆಗುತ್ತೆ. ಡ್ಯಾಂಪರ್ ಆಗೋದಿಲ್ಲ, ನೈಟ್ರೋಜನ್ ತುಂಬುವ ವ್ಯವಸ್ಥೆ ಇರುವ ಕಡೆಗೆ ಕಳಿಸಬೇಕು. ಹಾರ್ಡ್‌ಟೇಲಿಗೂ ಫೋರ್ಕ್ ಸೇವೆ ತಪ್ಪಿದ್ದಲ್ಲ, ಆದರೆ ಕೆಳಗಿನ ಕಾಲು ಕಳಚುವುದು ಒಂದು ಗಂಟೆಯ ಕೆಲಸ: ಗಾಳಿ ಬಿಟ್ಟು, ತಳದ ಬೋಲ್ಟ್ ಮೂರ್ನಾಲ್ಕು ಸುತ್ತು ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೋಲ್ಟ್ ತೆಗೆದು ಎಳೆಯಿರಿ. ಒಳಗೆಲ್ಲ ಒರೆಸಿ, ಸ್ಪಾಂಜ್ ಉಂಗುರಗಳನ್ನು ಎಣ್ಣೆಯಲ್ಲಿ ನೆನೆಸಿ, ಪ್ರತಿ ಕಾಲಿಗೆ ಕೈಪಿಡಿಯಲ್ಲಿರುವಷ್ಟೇ ಎಣ್ಣೆ ಹಾಕಿ.

ಟೈರಿನ ವಿಷಯದಲ್ಲಿ ಹಾರ್ಡ್‌ಟೇಲ್ ಸೋಲುವ ಜಾಗವೊಂದಿದೆ: ಹಿಂದಿನ ರಿಮ್ಮು. ಏಟೆಲ್ಲ ಅದಕ್ಕೇ ಬೀಳುವುದರಿಂದ ಹಿಂದೆ ದಪ್ಪ ಪಕ್ಕದ 2.4 ಟೈರ್ ಹಾಕಿ. 70 ಕೆಜಿ ಸವಾರನಿಗೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 20-22, ಹಿಂದೆ 24-25 ಪಿಎಸ್‌ಐ. ಟ್ಯೂಬ್ ಇದ್ದರೆ 30ರ ಕೆಳಗೆ ಇಳಿಸಬೇಡಿ, ಕಲ್ಲಿಗೆ ಬಡಿದು ಎರಡು ಸಾಲು ತೂತು ಬೀಳುತ್ತೆ. ಬಯಲುಸೀಮೆಯ ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಬಿಟ್ಟರೆ ಗತಿಯಿಲ್ಲ. 29ರ ಟೈರಿಗೆ 100 ಎಂಎಲ್ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಒಣಗಿದೆಯಾ ನೋಡಿ. ಕಾಲುಪಂಪಿನಲ್ಲಿ ಟೈರ್ ಅಂಚು ರಿಮ್ಮಿಗೆ ಕೂರದಿದ್ದರೆ ವಾಲ್ವಿನ ಒಳತಿರುಳು ಬಿಚ್ಚಿ, ಅಂಚಿಗೆ ಸೋಪಿನ ನೀರು ಹಚ್ಚಿ ಹೊಡೆಯಿರಿ. ಪ್ರೆಸ್ಟಾ ವಾಲ್ವಿಗೆ (ಸೈಕಲ್ಲಿನ ಸಪೂರ ವಾಲ್ವು) ಹಿತ್ತಾಳೆ ಅಡಾಪ್ಟರ್ ಒಂದು ಬ್ಯಾಗಿನಲ್ಲಿರಲಿ, ಪೆಟ್ರೋಲ್ ಬಂಕಿನ ಗಾಳಿ ಪೈಪು ಅದಿಲ್ಲದೆ ಹಿಡಿಯೋದಿಲ್ಲ.

ಬ್ರೇಕ್ ಎಣ್ಣೆ: ಶಿಮಾನೊ, ಟೆಕ್ಟ್ರೊ ಆದರೆ ಮಿನರಲ್ ಆಯಿಲ್. ಡಾಟ್ ಎಣ್ಣೆ ಯಾವ ಬೈಕ್ ಸ್ಪೇರ್ಸ್ ಅಂಗಡಿಯಲ್ಲೂ ಸಿಗುತ್ತೆ ಅಂತ ಅದನ್ನು ಇದಕ್ಕೆ ಸುರಿಯಬೇಡಿ, ಸೀಲುಗಳು ಉಬ್ಬಿ ಕೆಡುತ್ತವೆ.

ನೀರಿನ ಬಾಟಲಿ: ಹಾರ್ಡ್‌ಟೇಲಿನಲ್ಲಿ ಎರಡು, ಫುಲ್ ಸಸ್‌ನಲ್ಲಿ ಒಂದು ಚಿಕ್ಕದು.

ಮೂರನೇ ಸೈಕಲ್ಲಿಗೆ ಜಾಸ್ತಿ ಮಾತು ಬೇಡ. ಸ್ಪ್ರಿಂಗ್ ಫೋರ್ಕಿಗೆ ರಿಬೌಂಡ್ ಹತೋಟಿ ಇಲ್ಲ, ಕುಗ್ಗಿದ್ದು ಎಗರಿ ವಾಪಸ್ ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಹಿಂದಿನ ಹಬ್ಬು. ಹಲ್ಲಿನ ಗುಚ್ಛ ಹಬ್ಬಿಗೇ ತಿರುಗಿಸಿ ಕೂರಿಸುವ ಫ್ರೀವೀಲ್ ಆದರೆ ಬಲಗಡೆ ಬೇರಿಂಗು ತುಂಬಾ ಒಳಗಿರುತ್ತೆ, ಆಧಾರವಿಲ್ಲದೆ ಹೊರಚಾಚಿದ ಆಕ್ಸಲ್ ಮೆಟ್ಟಿಲು ಇಳಿಸಿದಾಗ ಬಾಗುತ್ತೆ. ಹಲ್ಲಿನ ಗುಚ್ಛವನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಹೊರ ಅಂಚಿನ ಹತ್ತಿರ ಇರುತ್ತೆ. ಮೊದಲ ಸೈಕಲ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ್ದು ಎರಡೇ: ಹಿಂದೆ ಕ್ಯಾಸೆಟ್ಟಾ, ಫ್ರೇಮಿನ ಹೆಡ್ ಟ್ಯೂಬ್ (ಫೋರ್ಕ್ ಕೂರುವ ಕೊಳವೆ) ಟೇಪರ್ಡಾ, ಅಂದರೆ ಕೆಳಗೆ ಅಗಲವಾ? ಎರಡಕ್ಕೂ ಹೌದು ಅಂದರೆ ಮುಂದೆ ಏರ್ ಫೋರ್ಕು, 11 ಗೇರು ಹಾಕಿಕೊಳ್ಳಬಹುದು. ಇಲ್ಲ ಅಂದರೆ ಆ ಸೈಕಲ್ಲಿಗೆ ಹಾಕುವ ದುಡ್ಡೆಲ್ಲ ದಂಡ.

ಯಾರಿಗೆ ಯಾವುದು? ಕಾರಿನ ಮೇಲೆ ಸೈಕಲ್ ಹೇರಿಕೊಂಡು ಬಂಡೆಗೇ ಹೋಗುವವರು, ಒಣ ಸೀಸನ್ನಿನಲ್ಲಷ್ಟೇ ತುಳಿಯುವವರು, ಬೆನ್ನು ನೋವಿನವರು, ಹತ್ತಿರದಲ್ಲಿ ಕೆಲಸ ಬಲ್ಲ ಮೆಕ್ಯಾನಿಕ್ ಇರುವವರು ಫುಲ್ ಸಸ್ ತಗೊಳ್ಳಿ, ಖುಷಿಪಡುತ್ತೀರಿ. ಮನೆಯಿಂದಲೇ ತುಳಿದುಕೊಂಡು ಹೋಗಿ, ಡಾಂಬರು, ಮಣ್ಣು, ಬಂಡೆ ಮೂರನ್ನೂ ಒಂದೇ ಬೆಳಗ್ಗೆ ಮುಗಿಸುವವರಿಗೆ, ಒಟ್ಟು ಖರ್ಚು ಲಕ್ಷ ದಾಟಬಾರದು ಅನ್ನುವವರಿಗೆ ಹಾರ್ಡ್‌ಟೇಲ್. ನಾನು ಎರಡನೇ ಗುಂಪು. ಉಳಿದ ಹಣ ಮೊದಲು ಟೈರಿಗೆ, ಆಮೇಲೆ ಡ್ರಾಪರ್ ಪೋಸ್ಟಿಗೆ (ತುಳಿಯುತ್ತಲೇ ಸೀಟು ಇಳಿಸಬಹುದಾದ ಸೀಟ್ ಪೋಸ್ಟ್). ಕೊಳ್ಳುವ ಮುಂಚೆ ಸೀಟ್ ಟ್ಯೂಬಿನ ಅಳತೆ ನೋಡಿ: 30.9 ಅಥವಾ 31.6 ಎಂಎಂ ಆದರೆ ಆಯ್ಕೆ ಬೇಕಾದಷ್ಟಿದೆ, 27.2 ಆದರೆ ಬಹಳ ಕಡಿಮೆ.

ಫುಲ್ ಸಸ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವನ ಎದುರಿಗೇ ಶಾಕಿನ ಬೋಲ್ಟ್ ಬಿಚ್ಚಿಸಿ ಹಿಂಭಾಗ ಎತ್ತಿ ನೋಡಿ. ಬಿಚ್ಚಲು ಒಪ್ಪದಿದ್ದರೆ ಎಲ್ಲ ಬೇರಿಂಗು ಮತ್ತು ಶಾಕಿನ ಪೂರ್ತಿ ಸೇವೆಯ ಖರ್ಚು ಬೆಲೆಯಲ್ಲಿ ಕಳೆದು ಕೇಳಿ.